ರಬ್ಬರಿನ ಮೀನು

ಮೀನು ಹಿಡಿಯುವವರ ಮಾತನ್ನು ಅರ್ಧಕ್ಕೆ ಇಳಿಸಿ ಕೇಳಬೇಕೆಂದು ಬಲ್ಲವರು ನಗುತ್ತಾ ಹೇಳುವುದುಂಟು. ತಪ್ಪಿಸಿಕೊಂಡು ಹೋದ ಮೀನು ಪ್ರತಿಸಲ ಹೇಳುವಾಗಲೂ ಒಂದೊಂದು ಗೇಣು ಬೆಳೆಯುತ್ತದೆ. ಆದರೆ ನಾನೀಗ ಹೇಳಹೊರಟಿರುವುದು ಕೈಗೆ ಸಿಕ್ಕಿದ ಮೇಲೆ ನಾನಾಗಿಯೇ ಬಿಟ್ಟುಕೊಟ್ಟ ಮೀನೊಂದರ ವಿಷಯ. ಅದರ ಉದ್ದ ಒಂದು ಮೊಳ. ಅದಕ್ಕೆ ಒಂದು ಅಂಗುಲವನ್ನೂ ನಾನು ಸೇರಿಸುವುದಿಲ್ಲ.

ಹುಬ್ಬಳ್ಳಿಯಿಂದ ಕಾರವಾರದತ್ತ ಸಾಗುವ ಹೆದ್ದಾರಿಯಲ್ಲಿ ಕಲಘಟಗಿಯನ್ನು ದಾಟಿದರೆ ಬಯಲುಸೀಮೆಯ ಬಿಸಿಲು ಹಿಂದುಳಿದು, ಭತ್ತದ ಗದ್ದೆಗಳೂ ತೇಗದ ಮರಗಳೂ ಕಣ್ಣಿಗೆ ಬೀಳತೊಡಗುತ್ತವೆ. ನವಲಗುಂದ, ಅಣ್ಣಿಗೇರಿಗಳ ಎರೆನೆಲವನ್ನಷ್ಟೇ ಕಂಡವರಿಗೆ ಇದೂ ಧಾರವಾಡ ಜಿಲ್ಲೆಯೇ ಎಂದರೆ ಆಶ್ಚರ್ಯವೆನಿಸೀತು. ಮಲೆನಾಡು ತನ್ನ ಸೆರಗನ್ನು ಬಯಲಿನ ಮೇಲೆ ಚಾಚಿದಂತಿರುವ ಈ ಭಾಗದಲ್ಲಿದೆ ತಂಬೂರ. ಅಲ್ಲಿ ಬಸವಣ್ಣನ ಗುಡಿಯಿದೆ, ಕೆರೆಯಿದೆ, ಕೆರೆಯ ಅಂಚಿನಲ್ಲಿ ತಾವರೆಯೂ ಜೊಂಡೂ ಬೆಳೆದಿವೆ. ಅದು ನನ್ನ ತಾಯಿಯ ತವರು. ಬೇಸಿಗೆಯ ಸೂಟಿ ಬಂದಿತೆಂದರೆ ನಾನು ಪುಸ್ತಕಗಳನ್ನು ಕಟ್ಟಿಟ್ಟು ಅಲ್ಲಿಗೆ ಓಡುತ್ತಿದ್ದೆ.

ಆ ಕಾಲದ ನಮ್ಮ ಸಲಕರಣೆಗಳು ಬಹಳ ಸರಳವಾಗಿದ್ದವು. ಬಿದಿರಿನ ಕೋಲು, ಒಂದು ಮಾರು ನೂಲು, ಸಂತೆಯಲ್ಲಿ ಕೊಂಡ ಗಾಳ, ಜೋಳದ ದಂಟಿನ ಬೆಂಡು, ತಿಪ್ಪೆಯ ಬುಡದಲ್ಲಿ ಅಗೆದು ತಂದ ಎರೆಹುಳು. ಬೆಂಡು ನೀರಿನಲ್ಲಿ ಮುಳುಗಿದ ಕೂಡಲೆ ಕೋಲನ್ನು ಎತ್ತಬೇಕು. ಹೀಗೆ ನಮಗೆ ದೊರೆಯುತ್ತಿದ್ದುದು ಬೆರಳುದ್ದದ ಮೀನುಗಳು. ದೊಡ್ಡ ಮೀನು ಹಿಡಿಯುವ ಅಧಿಕಾರ ನನ್ನ ಸೋದರಮಾವನಿಗೆ ಮೀಸಲಾಗಿತ್ತು. ಅವರು ಹಿಡಿಯುತ್ತಿದ್ದುದು ಮುರ್ಲು ಎಂಬ ಮೀನು. ಇದನ್ನೇ ಕೆಲವೆಡೆ ಕೊರವ ಎಂದೂ ಕುಚ್ಚು ಎಂದೂ ಕರೆಯುವರು. ಹಾವಿನಂತಹ ತಲೆ, ಉರುಳೆಯಂತಹ ಮೈ, ಬಾಯಿತುಂಬ ಹಲ್ಲು. ಕೆರೆಯ ಕಿರುಮೀನುಗಳಿಗೆಲ್ಲ ಅದು ಯಮ. ಅದನ್ನು ಹಿಡಿಯಲು ಮಾವನವರು ಜೀವಂತ ಕಪ್ಪೆಮರಿಯ ಬೆನ್ನಿಗೆ ಗಾಳವನ್ನು ಚುಚ್ಚಿ ನೀರಿನ ಮೇಲೆ ಬಿಡುತ್ತಿದ್ದರು. ಕಪ್ಪೆ ಕಾಲಾಡಿಸಿದಷ್ಟೂ ಮೀನು ಬೇಗ ಬರುವುದೆಂದು ಅವರು ಹೇಳುತ್ತಿದ್ದರು. ನಾನು ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದೆ. ರಾತ್ರಿ ಊಟದ ಹೊತ್ತಿಗೆ ಮಾತ್ರ ಆ ಕಪ್ಪೆಯ ನೆನಪು ನನಗಿರುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅನೇಕ ವರ್ಷಗಳು ಕಳೆದವು. ಮಾಸ್ತರಿಕೆಯಿಂದ ನಿವೃತ್ತನಾಗಿ ನಾನು ಮತ್ತೆ ತಂಬೂರಿಗೆ ಹೋಗಿಬರತೊಡಗಿದಾಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯನು ಒಂದು ಉಡುಗೊರೆಯನ್ನು ತಂದುಕೊಟ್ಟನು. ಏಳು ಅಡಿಯ ಹಗುರವಾದ ಕೋಲು, ಅದಕ್ಕೊಂದು ರೀಲು, ಜೊತೆಗೆ ಪುಟ್ಟ ಡಬ್ಬಿ. ಡಬ್ಬಿಯನ್ನು ತೆರೆದರೆ ಒಳಗೆ ನಾಲ್ಕು ನಾಲ್ಕು ಅಂಗುಲದ ಆರು ಮೀನುಗಳು ಸಾಲಾಗಿ ಮಲಗಿದ್ದವು. ಬೆನ್ನು ಹಸಿರು, ಹೊಟ್ಟೆ ಬೆಳ್ಳಿ, ಪಕ್ಕದಲ್ಲಿ ಕೆಂಪು ಗೆರೆ, ಮಿನುಗುವ ಕಣ್ಣು. ಅರಗಿನ ಬಣ್ಣಗಳಿಂದ ಚಿತ್ರಿಸಿದ ಕಲಘಟಗಿಯ ತೊಟ್ಟಿಲುಗಳನ್ನು ಕಂಡು ಬೆಳೆದ ನನ್ನ ಕಣ್ಣಿಗೂ ಆ ಬಣ್ಣಗಾರಿಕೆ ಮೆಚ್ಚಿಗೆಯಾಯಿತು. ಮುಟ್ಟಿದರೆ ಮೈ ನವುರಾಗಿ ಬಾಗುತ್ತಿತ್ತು. ಬಾಲದ ತುದಿ ಮಾತ್ರ ನಿಜವಾದ ಮೀನಿನ ಬಾಲದಂತಿರದೆ, ಪುಟ್ಟ ಪಾದದಂತೆ ಅಡ್ಡಲಾಗಿ ತಿರುಗಿತ್ತು. ಊರಿನ ಹುಡುಗರು ಅದನ್ನು ಕಂಡ ಕೂಡಲೆ ‘ರಬ್ಬರಿನ ಮೀನು’ ಎಂದು ಹೆಸರಿಟ್ಟರು. ವಾಸ್ತವವಾಗಿ ಅದರಲ್ಲಿ ರಬ್ಬರು ಇಲ್ಲ. ಅದು ಮೆದುವಾದ ಪ್ಲಾಸ್ಟಿಕ್ಕು. ಆದರೆ ಒಮ್ಮೆ ಇಟ್ಟ ಹೆಸರು ಹಾಗೆಯೇ ಉಳಿಯಿತು.

ಮೀನನ್ನು ವಂಚಿಸುವ ವಿದ್ಯೆ ಹೊಸದೇನೂ ಅಲ್ಲ. ನಮ್ಮ ನಾಡನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನುಗಳ ಬಗೆಗಳು, ಅವುಗಳಿಗೆ ಪ್ರಿಯವಾದ ಆಹಾರ, ಗಾಳ ಹಾಕುವ ಕ್ರಮ ಇವೆಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ರಾಜನೊಬ್ಬನು ರಾಜ್ಯಭಾರದ ನಡುವೆ ಮೀನಿನ ರುಚಿ–ಅಭಿರುಚಿಗಳನ್ನು ಇಷ್ಟು ಗಮನವಿಟ್ಟು ಬರೆದನೆಂಬುದು ಸೋಜಿಗವಲ್ಲವೆ?

ಮೀನಿನ ಆಹಾರದ ಬದಲಿಗೆ ಆಹಾರದ ಆಕಾರವನ್ನೇ ಮಾಡಿ ತೋರಿಸುವ ಕಲೆ ಬೇರೆ ದೇಶಗಳಲ್ಲಿ ಬಹುವಾಗಿ ಬೆಳೆಯಿತು. ಫಿನ್‌ಲೆಂಡ್ ದೇಶದ ಲೌರಿ ರಪಾಲಾ ಎಂಬ ಬಡ ಮೀನುಗಾರನು, ದೊಡ್ಡ ಮೀನುಗಳು ಗುಂಪಿನಲ್ಲಿ ಸರಿಯಾಗಿ ಈಜುವ ಮರಿಗಳನ್ನು ಬಿಟ್ಟು, ಗಾಯಗೊಂಡು ಓಲಾಡುವ ಮರಿಯನ್ನೇ ಆರಿಸಿ ಹಿಡಿಯುವುದನ್ನು ಕಂಡನು. 1936ರಲ್ಲಿ ಅವನು ಬಿರಡೆ ಮಾಡುವ ಮೆದು ತೊಗಟೆಯನ್ನು ಕೆತ್ತಿ, ಚಾಕೊಲೇಟಿನ ಹೊಳೆಯುವ ಹಾಳೆಯನ್ನು ಸುತ್ತಿ, ಹಾಗೆಯೇ ಓಲಾಡುವ ಮೀನೊಂದನ್ನು ಮಾಡಿದನು. 1949ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬ ಯಂತ್ರಕರ್ಮಿಯು ತನ್ನ ಮನೆಯಲ್ಲಿಯೇ ಪ್ಲಾಸ್ಟಿಕ್ಕನ್ನು ಕಾಯಿಸಿ ಅಚ್ಚಿಗೆ ಸುರಿದು ಮೆದುವಾದ ಎರೆಹುಳುವನ್ನು ತಯಾರಿಸಿದನು. ನನ್ನ ಡಬ್ಬಿಯಲ್ಲಿದ್ದ ಮೀನುಗಳು ಆ ಹುಳುವಿನ ವಂಶಕ್ಕೆ ಸೇರಿದವು.

ಅದನ್ನು ಮಾಡುವ ಬಗೆಯೂ ಕುತೂಹಲಕರವಾದುದು. ಪಾಲಿವಿನೈಲ್ ಕ್ಲೋರೈಡ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಯವಾದ ಪುಡಿಯನ್ನು ಎಣ್ಣೆಯಂತಹ ದ್ರವದಲ್ಲಿ ಕಲಸುತ್ತಾರೆ. ಆ ಹಾಲಿನಂತಹ ಮಿಶ್ರಣವನ್ನು ಸುಮಾರು 170 ರಿಂದ 180 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸಿದಾಗ ಪುಡಿಯು ಎಣ್ಣೆಯನ್ನು ಹೀರಿಕೊಂಡು ಪಾಕದಂತಾಗುತ್ತದೆ. ಬಣ್ಣ ಸೇರಿಸಿ ಅಚ್ಚಿಗೆ ಸುರಿದರೆ ಆರಿದ ಮೇಲೆ ಬಳುಕುವ ಮೀನು ಹೊರಬರುತ್ತದೆ. ಗಟ್ಟಿ ವಸ್ತುವಿಗೆ ಮೆದುತನವನ್ನು ಕೊಡುವುದು ಒಳಗೆ ಹೀರಿಕೊಂಡ ಆ ಎಣ್ಣೆಯೇ. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಅದರ ಪ್ರಸ್ತಾಪ ಬರಲಿದೆ.

ಇನ್ನು ಅದು ಮೀನನ್ನು ವಂಚಿಸುವ ಬಗೆ. ದಾರವನ್ನು ಸುತ್ತುತ್ತಾ ಎಳೆದಾಗ ಪಾದದಂತಹ ಬಾಲಕ್ಕೆ ನೀರು ತಾಗಿ, ಬಾಲವು ಎಡಕ್ಕೂ ಬಲಕ್ಕೂ ಬಡಿಯುತ್ತದೆ. ಇಡೀ ಮೈ ಹೊಯ್ದಾಡುತ್ತದೆ. ಮೀನಿನ ಮೈಯ ಎರಡೂ ಪಕ್ಕಗಳಲ್ಲಿ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಗುರುತಿಸಬಲ್ಲದು. ಕೆಸರುನೀರಿನಲ್ಲಿ ಕಣ್ಣು ಕಾಣದಿದ್ದರೂ ಇಲ್ಲೊಂದು ಮರಿಮೀನು ಒದ್ದಾಡುತ್ತಿದೆ ಎಂಬ ಸುದ್ದಿ ಮುರ್ಲಿಗೆ ತಲುಪುತ್ತದೆ. ಗಾಳದ ಮೊನೆಯು ಬೆನ್ನಿನ ಸೀಳಿನಲ್ಲಿ ಅಡಗಿರುವುದರಿಂದ ಅದು ತಾವರೆಯ ದಂಟಿಗೂ ಜೊಂಡಿಗೂ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಮೆದುವಾದ ಮೈ ಕುಗ್ಗಿ ಮೊನೆ ಹೊರಗೆ ಬರುತ್ತದೆ. ಮರದ ಬೊಂಬೆಯಾದರೆ ಮೀನು ಕೂಡಲೆ ಉಗುಳಿಬಿಡಬಹುದು. ಇದು ಮಾಂಸದಂತೆ ಮೆತ್ತಗಿರುವುದರಿಂದ ಒಂದು ಕ್ಷಣ ಹೆಚ್ಚು ಹಿಡಿದುಕೊಳ್ಳುತ್ತದೆ. ಗಾಳಿಗನಿಗೆ ಬೇಕಾದುದು ಆ ಒಂದು ಕ್ಷಣ.

ನನಗಂತೂ ಈ ಬೊಂಬೆಯಲ್ಲಿ ದೊಡ್ಡದೊಂದು ಪುಣ್ಯವೇ ಕಂಡಿತು. ಇನ್ನು ಕಪ್ಪೆಯ ಬೆನ್ನನ್ನು ಚುಚ್ಚಬೇಕಾಗಿಲ್ಲ, ಎರೆಹುಳುವನ್ನು ಹಿಂಸಿಸಬೇಕಾಗಿಲ್ಲ. ಹಿಂಸೆಯಿಲ್ಲದ ಎರೆ ದೊರೆಯಿತೆಂದು ಸಂತೋಷಪಟ್ಟೆ. ಕೆರೆಯ ಮೀನಿನ ಗುತ್ತಿಗೆ ಹಿಡಿದವರನ್ನು ಕಂಡು ಒಪ್ಪಿಗೆಯನ್ನೂ ಪಡೆದೆ. ಅವರು ಕಾಟ್ಲ, ರೋಹು ಮರಿಗಳನ್ನು ತಂದು ಬಿಟ್ಟಿದ್ದರು. ಮುರ್ಲು ಆ ಮರಿಗಳನ್ನು ನುಂಗುವ ಕಳ್ಳನಾದುದರಿಂದ ಎಷ್ಟು ಹಿಡಿದರೂ ತಮಗೆ ಉಪಕಾರವೇ ಎಂದು ಅವರು ಹೇಳಿದರು.

ಮೊದಲ ನಾಲ್ಕು ದಿನ ಆ ಉಪಕಾರವನ್ನು ಮಾಡುವುದು ನನ್ನಿಂದಾಗಲಿಲ್ಲ. ಒಮ್ಮೆ ಎಸೆದ ಬೊಂಬೆ ಜಾಲಿಯ ಮರವನ್ನೇರಿತು. ಇನ್ನೊಮ್ಮೆ ನನ್ನ ಟೊಪ್ಪಿಗೆಯನ್ನೇ ಹಿಡಿಯಿತು. ಮತ್ತೊಮ್ಮೆ ನೀರಿನಡಿಯ ಬೇರಿಗೆ ಸಿಕ್ಕಿ, ಜಗ್ಗಿದಾಗ ದಾರ ತುಂಡಾಯಿತು. ಹೀಗೆ ಆರು ಮೀನುಗಳಲ್ಲಿ ಎರಡು ಕೆರೆಯ ಪಾಲಾದವು. ನಾನು ಅವುಗಳ ಬೆಲೆಗಾಗಿ ಮರುಗಿದೆನೇ ಹೊರತು ಕೆರೆಯ ಬಗ್ಗೆ ಯೋಚಿಸಲಿಲ್ಲ. ಕ್ರಮೇಣ ಕೈ ಪಳಗಿತು. ಅವಸರಪಡದೆ ಸುತ್ತಬೇಕು, ಎಲೆಗಳ ಅಂಚಿಗೆ ಬಂದಾಗ ಒಂದು ಗಳಿಗೆ ನಿಲ್ಲಿಸಬೇಕು, ಮತ್ತೆ ಎಳೆಯಬೇಕು. ಸುಳ್ಳು ಹೇಳುವವನಿಗೆ ತಾಳ್ಮೆ ಬೇಕೆಂಬುದು ಆಗ ತಿಳಿಯಿತು.

ಶ್ರಾವಣದ ಒಂದು ಸಂಜೆ. ಮಳೆ ನಿಂತು ಮೋಡದ ಸಂದಿನಿಂದ ಬಿಸಿಲು ಇಣುಕುತ್ತಿತ್ತು. ತಾವರೆ ಎಲೆಗಳ ನಡುವಿನ ತಿಳಿಜಾಗದಲ್ಲಿ ಕುಂಕುಮವನ್ನು ಕದಡಿದಂತೆ ಒಂದು ಕೆಂಪು ಮಚ್ಚೆ ಅಲುಗಾಡುತ್ತಿದ್ದುದನ್ನು ಕಂಡೆ. ಉದುರಿದ ಹೂವಿನ ಎಸಳುಗಳಿರಬಹುದೆಂದು ಭಾವಿಸಿ, ಗುರಿಯಿಡಲು ಒಳ್ಳೆಯ ಗುರುತು ಸಿಕ್ಕಿತೆಂದು ಬೊಂಬೆಯನ್ನು ಅದರಾಚೆಗೆ ಎಸೆದೆ. ಅದು ಕೆಂಪು ಮಚ್ಚೆಯ ಕೆಳಗೆ ಹಾದುಬಂದ ಕೂಡಲೆ ನೀರು ಸಿಡಿಯಿತು. ಕೋಲು ಬಿಲ್ಲಿನಂತೆ ಬಾಗಿತು. ನನ್ನ ಎದೆ ಹನ್ನೆರಡು ವರ್ಷದ ಹುಡುಗನ ಎದೆಯಂತೆ ಹೊಡೆದುಕೊಂಡಿತು. ಎಳೆದಾಡಿ ದಡಕ್ಕೆ ತಂದೆ. ಒಂದು ಮೊಳದ ಮುರ್ಲು ಹುಲ್ಲಿನ ಮೇಲೆ ಹೊರಳಿತು.

ಸ್ವಲ್ಪ ದೂರದಲ್ಲಿ ಬಲೆಯ ಹರುಕನ್ನು ಹೆಣೆಯುತ್ತ ಕುಳಿತಿದ್ದ ಮುದುಕರೊಬ್ಬರು ಎದ್ದು ಬಂದರು. ಊರಿನವರೆಲ್ಲ ಅವರನ್ನು ಅಂಬಿಗರ ಕಾಕಾ ಎನ್ನುತ್ತಾರೆ. ಅವರು ಹೊಗಳುವರೆಂದು ನಾನು ಕಾದೆ. ಅವರು ಮೀನನ್ನು ನೋಡಲಿಲ್ಲ, ನೀರನ್ನು ನೋಡಿದರು.

“ಮಾಸ್ತರ್ರೀ, ಇದು ಹಸಿವಿಗೆ ಬಂದಿದ್ದಲ್ಲ. ಅಲ್ಲಿ ನೋಡ್ರಿ, ಅದರ ಸಂಸಾರ.”

ನಾನು ಹೂವಿನ ಎಸಳುಗಳೆಂದು ತಿಳಿದಿದ್ದ ಆ ಕೆಂಪು ಮಚ್ಚೆ ಮುರ್ಲಿನ ಮರಿಗಳ ಹಿಂಡಾಗಿತ್ತು. ಹುಟ್ಟಿದ ಹೊಸದರಲ್ಲಿ ಆ ಮರಿಗಳು ಕೆಂಪಗಿದ್ದು, ನೂರಾರು ಒಟ್ಟಾಗಿ ಮೇಲ್ನೀರಿನಲ್ಲಿ ಸುಳಿಯುತ್ತವೆ. ತಂದೆ ತಾಯಿಗಳು ಅವುಗಳ ಕೆಳಗಿದ್ದು ಕೆಲವು ವಾರಗಳವರೆಗೆ ಕಾವಲು ಕಾಯುತ್ತವೆ. ಆಗ ಹತ್ತಿರ ಬಂದುದು ಏನೇ ಇರಲಿ, ಕಪ್ಪೆಯಿರಲಿ, ಮೀನಿರಲಿ, ಅದರ ಮೇಲೆ ಏರಿಹೋಗುತ್ತವೆ. ನನ್ನ ಬೊಂಬೆ ಆ ಮೀನಿನ ಕಣ್ಣಿಗೆ ಊಟವಾಗಿ ಕಾಣಲಿಲ್ಲ. ಮಕ್ಕಳನ್ನು ತಿನ್ನಲು ಬಂದ ವೈರಿಯಾಗಿ ಕಂಡಿತು. ಹಸಿವನ್ನು ವಂಚಿಸಿದೆನೆಂದು ಹೆಮ್ಮೆಪಟ್ಟ ನಾನು ವಂಚಿಸಿದ್ದು ವಾತ್ಸಲ್ಯವನ್ನು.

“ಹಂಗಾದರೆ ನೀವು ಮುರ್ಲು ಹಿಡಿಯುವುದಿಲ್ಲವೆ, ಕಾಕಾ?” ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು.

“ಯಾಕ ಹಿಡಿಯೂದಿಲ್ರೀ? ಹಿಡಿತೀವಿ, ಮಾರತೀವಿ, ತಿಂತೀವಿ. ಮರಿ ದೊಡ್ಡವಾಗಿ ಅಗಲಿದ ಮ್ಯಾಲೆ ಹಿಡಿತೀವಿ. ಇವತ್ತ ಇದನ್ನ ತಿಂದ್ರ ಮುಂದಿನ ವರ್ಷ ಏನ್ ತಿನ್ನೂದು?” ಎಂದರು. ಅವರ ಮಾತಿನಲ್ಲಿ ಉಪದೇಶವಿರಲಿಲ್ಲ. ಮನೆಯ ಕಣಜದ ಲೆಕ್ಕ ಹೇಳುವವರ ಸಹಜತೆಯಿತ್ತು.

ಅಷ್ಟರಲ್ಲಿ ನೀರುಕಾಗೆಯೊಂದು ಎಲೆಗಳ ಪಕ್ಕದಲ್ಲಿ ಇಳಿದು ಮುಳುಗಿತು. ಕೆಂಪು ಮಚ್ಚೆ ಒಡೆದು ಚೆದರಿತು, ಮತ್ತೆ ಕೂಡಿತು. ಹಕ್ಕಿ ಮತ್ತೊಮ್ಮೆ ಮುಳುಗಿತು. ಈ ಬಾರಿ ಕೂಡಿದ ಮಚ್ಚೆ ಮೊದಲಿಗಿಂತ ಚಿಕ್ಕದಾಗಿತ್ತು. ನಾನು ಗಾಳವನ್ನು ಬಿಡಿಸಲು ತೊಡಗಿದೆ. ಗಾಳದ ಮೊನೆಯ ಹಿಂದಿರುವ ಎದುರುಮುಳ್ಳು ದವಡೆಯಲ್ಲಿ ಸಿಕ್ಕಿ ಬಿಡದಾಯಿತು. ನನ್ನ ಕೈ ನಡುಗುತ್ತಿತ್ತು. ಕಾಕಾ ಒದ್ದೆ ಕೈಯಿಂದ ಮೀನನ್ನು ಹಿಡಿದು, ಗಾಳವನ್ನು ಹೊರಳಿಸಿ ತೆಗೆದರು. ನಾನು ಮೊಣಕಾಲುದ್ದದ ನೀರಿಗಿಳಿದು ಮೀನನ್ನು ಬಿಟ್ಟೆ. ಅದು ಒಂದು ಕ್ಷಣ ನನ್ನ ಕಾಲಬಳಿ ನಿಂತಿತು. ಅನಂತರ ಬಾಲ ಬಡಿದು ಕೆಸರನ್ನೆಬ್ಬಿಸಿ ಮರೆಯಾಯಿತು.

ಮುರ್ಲು ನೀರಿನಲ್ಲಿದ್ದರೂ ಗಾಳಿಯನ್ನು ಉಸಿರಾಡುವ ಮೀನು. ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯನ್ನು ತುಂಬಿಕೊಳ್ಳುವ ಗೂಡೊಂದು ಅದರ ತಲೆಯೊಳಗಿದೆ. ಆದುದರಿಂದಲೇ ಕೆರೆ ಬತ್ತಿದಾಗ ಹಸಿ ಕೆಸರಿನಲ್ಲಿ ಹುದುಗಿ ಬದುಕುತ್ತದೆ. ಆದರೆ ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಹಾಗೆ ಬಂದಾಗ ‘ಗುಳುಂ’ ಎಂಬ ಸದ್ದಾಗುತ್ತದೆ. ಮರಿಗಳ ಬಳಿಗೆ ಆ ಮೀನು ಮರಳಿತೇ ಎಂದು ತಿಳಿಯಲು ನಾನು ಆ ಸದ್ದಿಗಾಗಿ ಕಾದೆ. ಕತ್ತಲಾಯಿತು. ಗುಡಿಯ ಗಂಟೆ ಕೇಳಿಸಿತು. ಕೆರೆಯಿಂದ ಮಾತ್ರ ಏನೂ ಕೇಳಿಸಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಣ್ಣು ಮುಚ್ಚಿದರೆ ಚಿಕ್ಕದಾಗುತ್ತಿದ್ದ ಆ ಕೆಂಪು ಮಚ್ಚೆಯೇ ಕಾಣುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಇನ್ನೊಂದು ಪಾಠ ಕಾದಿತ್ತು. ಒಣಗಿ ಬಿರುಕುಬಿಟ್ಟ ಕೆಸರಿನಲ್ಲಿ, ಬೇರಿನ ಪಕ್ಕದಲ್ಲಿ, ನಾನು ಕಳೆದುಕೊಂಡ ಎರಡರಲ್ಲಿ ಒಂದು ಬೊಂಬೆ ಬಿದ್ದಿತ್ತು. ಬಣ್ಣ ಮಾಸಿ, ಮೈ ಉಬ್ಬಿತ್ತು. ಆದರೆ ಎಲ್ಲಿಯೂ ಕೊಳೆತಿರಲಿಲ್ಲ. ಎಲೆ ಕೊಳೆಯಿತು, ದಂಟು ಕೊಳೆಯಿತು, ಸತ್ತ ಮೀನು ಮಣ್ಣಾಯಿತು. ಸುಳ್ಳು ಮೀನು ಮಾತ್ರ ಹಾಗೆಯೇ ಉಳಿದಿತ್ತು. ಅದರ ಮೆದುತನಕ್ಕೆ ಕಾರಣವಾದ ಎಣ್ಣೆ ಮೆಲ್ಲಮೆಲ್ಲನೆ ನೀರಿಗೆ ಇಳಿಯಬಲ್ಲದೆಂದು ಬಲ್ಲವರು ಹೇಳುತ್ತಾರೆ. ಅಮೆರಿಕದಲ್ಲಿ ಕೆಲವರು ಪ್ರಯೋಗ ಮಾಡಿ ನೋಡಿದಾಗ, ಟ್ರೌಟ್ ಜಾತಿಯ ಮೀನುಗಳು ನೀರಿನಡಿ ಬಿದ್ದ ಇಂತಹ ಬೊಂಬೆಗಳನ್ನು ನುಂಗಿದವು. ಅವು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿದು ಮೀನುಗಳು ಸೊರಗಿದವು. ಕಪ್ಪೆಯನ್ನು ಉಳಿಸಿದ ಪುಣ್ಯವನ್ನು ಎಣಿಸಿಕೊಂಡಿದ್ದ ನಾನು, ಕೆರೆಗೆ ಹೊರಿಸಿದ ಸಾಲವನ್ನು ಎಣಿಸಿರಲಿಲ್ಲ. ಎರಡನೆಯ ಬೊಂಬೆಯನ್ನು ಮೂರು ದಿನ ಹುಡುಕಿದೆ. ಅದು ಸಿಗಲಿಲ್ಲ.

ಹಾಗೆಂದು ನಾನು ಕೋಲನ್ನು ಮುರಿದೆಸೆಯಲಿಲ್ಲ. ಮೀನು ಹಿಡಿಯುವುದೇ ಪಾಪವೆನ್ನಲು ಮೀನುಂಡು ಬೆಳೆದ ನನಗೆ ಅಧಿಕಾರವಿಲ್ಲ. ಕೆಲವು ಕಟ್ಟಳೆಗಳನ್ನು ಮಾತ್ರ ನನಗೆ ನಾನೇ ವಿಧಿಸಿಕೊಂಡಿದ್ದೇನೆ. ಗಾಳದ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡುತ್ತೇನೆ. ಬಿಡಬೇಕಾದ ಮೀನನ್ನು ಇದರಿಂದ ಬೇಗ ಬಿಡಿಸಬಹುದು. ಹರಿದ ಬೊಂಬೆಯನ್ನೂ ದಾರದ ತುಣುಕನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತೇನೆ. ಬೊಂಬೆ ಬೇರಿಗೆ ಸಿಕ್ಕಿದರೆ ದಾರವನ್ನು ಜಗ್ಗದೆ ನೀರಿಗಿಳಿದು ಬಿಡಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕೆಂಪು ಮಚ್ಚೆ ಕಂಡ ಕಡೆಗೆ ಎಸೆಯುವುದಿಲ್ಲ. ಇದರಿಂದ ಗುತ್ತಿಗೆದಾರರಿಗೆ ನಾಲ್ಕು ಕಾಟ್ಲ ಮರಿ ನಷ್ಟವಾದರೂ ಆದೀತು. ಅವರೊಡನೆ ಈ ವಿಷಯವನ್ನು ಮಾತನಾಡಿದ್ದೇನೆ. ಅವರು ನಕ್ಕರು, ಬೇಡವೆನ್ನಲಿಲ್ಲ.

ಅನಂತರದ ಶ್ರಾವಣದಲ್ಲಿ ಸೋದರಳಿಯನು ತನ್ನ ಎಂಟು ವರ್ಷದ ಮಗಳೊಡನೆ ಬಂದಿದ್ದನು. ಅವಳನ್ನು ಕೆರೆಗೆ ಕರೆದುಕೊಂಡು ಹೋದೆ. ಅದೇ ಎಲೆಗಳ ನಡುವೆ ಕೆಂಪು ಮಚ್ಚೆ ಸುಳಿಯುತ್ತಿತ್ತು.

“ಅಜ್ಜಾ, ಇಷ್ಟು ಮರಿ ಅದಾವಲ್ಲ, ಇವುಗಳ ಅವ್ವ ಎಲ್ಲೈತಿ?” ಎಂದು ಮಗು ಕೇಳಿತು.

“ಸುಮ್ಮನೆ ಕೂಡು. ಉಸಿರಾಡಲಿಕ್ಕೆ ಮೇಲೆ ಬರತೈತಿ” ಎಂದೆ.

ನಾವಿಬ್ಬರೂ ಏರಿಯ ಕಲ್ಲಿನ ಮೇಲೆ ಕುಳಿತೆವು. ಗಾಳಿ ನಿಂತಿತ್ತು. ಬಹಳ ಹೊತ್ತಿನ ಮೇಲೆ ಕೆಂಪು ಮಚ್ಚೆಯ ಮಗ್ಗುಲಲ್ಲಿ ನೀರು ಮೆಲ್ಲನೆ ಉಬ್ಬಿ ‘ಗುಳುಂ’ ಎಂದಿತು. ಮಗು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಅದು ನಾನು ಬಿಟ್ಟ ಮೀನೇ ಆಗಿದ್ದಿತೆಂದು ಹೇಳಲಾರೆ. ರಬ್ಬರಿನ ಮೀನು ಆ ದಿನ ಚೀಲದಿಂದ ಹೊರಗೆ ಬರಲೇ ಇಲ್ಲ.